ಅಮ್ಮನ ಎಡೆಗೆ ನಾನು ಮಾಡಿದ ಬಿಸ್ಕತ್ತು

ಕೈಗುಣ ಎಂಬುದನ್ನು ನಾನು ಬಹಳ ಕಾಲ ನಂಬಿರಲಿಲ್ಲ. ಒಬ್ಬರು ನೆಟ್ಟ ಕರಿಬೇವು ಚಿಗುರುತ್ತದೆ, ಇನ್ನೊಬ್ಬರು ನೆಟ್ಟದ್ದು ಒಣಗುತ್ತದೆ. ಅದಕ್ಕೆ ಕೈ ಏನು ಮಾಡೀತು, ನೀರು ಹಾಕಿರುವುದಿಲ್ಲ ಅಷ್ಟೆ ಎಂದು ವಾದಿಸುತ್ತಿದ್ದೆ. ಈಗ ವಾದಿಸುವುದಿಲ್ಲ. ನನ್ನ ಕೈಗೂ ಒಂದು ಗುಣವಿದೆ, ಅದು ಮುಟ್ಟಿದ ಹಿಟ್ಟು ಗಟ್ಟಿಯಾಗುತ್ತದೆ. ತಪ್ಪು ಪೂರ್ತಿ ನನ್ನದಲ್ಲ. ತಿಪಟೂರು ಸೀಮೆಯಲ್ಲಿ ಹುಟ್ಟಿದವನಿಗೆ ಗಟ್ಟಿ ಎಂದರೆ ಹೊಗಳಿಕೆ. ನಮ್ಮಪ್ಪ ಕೊಬ್ಬರಿಯನ್ನು ಉಗುರಿನಿಂದ ಒತ್ತಿ, ಬೆರಳಿನ ಗೆಣ್ಣಿನಿಂದ ಕುಟ್ಟಿ, ಟಣ್ ಎಂದರೆ ಮಾತ್ರ ತಲೆಯಾಡಿಸುತ್ತಿದ್ದರು. ಮೆತ್ತಗಿದ್ದದ್ದನ್ನು ಪಕ್ಕಕ್ಕೆ ಎಸೆಯುತ್ತಿದ್ದರು. ಅಂಥ ಮನೆಯಲ್ಲಿ ಬೆಳೆದವನು ಹಗುರಾಗಿ ಉಬ್ಬಿದ ಬಿಸ್ಕತ್ತು ಮಾಡಲು ಹೊರಟದ್ದೇ ಒಂದು ಅಧಿಕಪ್ರಸಂಗ.

ಅಮ್ಮನಿಗೆ ಕಾಫಿಯ ಜೊತೆ ಬಿಸ್ಕತ್ತು ಬೇಕು, ಶುರುವಾದದ್ದು ಅದಕ್ಕಾಗಿ. ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾದ ನನಗೆ ಭಾನುವಾರ ಹೊತ್ತು ಹೋಗುತ್ತಿರಲಿಲ್ಲ. ಒಂದು ಸಣ್ಣ ಓವನ್ ತಂದು, ಫೋನಿನಲ್ಲಿ ವಿಡಿಯೋ ಹಾಕಿಕೊಂಡು, ಮೈದಾ, ಬೆಣ್ಣೆ, ಸಕ್ಕರೆ, ಮೊಸರು ಕಲೆಸತೊಡಗಿದೆ. ವಿಡಿಯೋದ ಹುಡುಗಿಯ ಬಿಸ್ಕತ್ತು ಹತ್ತಿಯಂತೆ ಉಬ್ಬುತ್ತಿತ್ತು. ನನ್ನದು ಓವನ್ನಿನೊಳಗೆ ಒಮ್ಮೆ ತಲೆಯೆತ್ತಿ, ನನ್ನ ಮುಖ ನೋಡಿದ ಮೇಲೆ ಕುಸಿಯುತ್ತಿತ್ತು. ನನ್ನ ಹೆಂಡತಿ ಸುಜಾತ ಮೊದಲ ವಾರವೇ ಭಾನುವಾರದ ಉಪವಾಸ ಹಿಡಿದಳು. ಯಾವ ದೇವರಿಗೆಂದು ಇವತ್ತಿಗೂ ಹೇಳಿಲ್ಲ. ಅಮ್ಮ ಮಾತ್ರ ತಿನ್ನುತ್ತಿದ್ದಳು. ಬಿಸ್ಕತ್ತನ್ನು ಕಾಫಿಗೆ ಅದ್ದುವಳು, ಒಂದಿಷ್ಟು ಹೊತ್ತು ಕಾಯುವಳು, ಆಮೇಲೆ ಕಣ್ಣು ಮುಚ್ಚಿ ತಿಂದು, "ಚೆನ್ನಾಗೈತೆ ಕಣಪ್ಪ, ಇನ್ನೊಂದು ಕೊಡು" ಎನ್ನುವಳು. ವಯಸ್ಸಾದವರು, ಹಲ್ಲಿನ ತೊಂದರೆ ಇರಬೇಕು ಎಂದುಕೊಂಡಿದ್ದೆ. ಕೇಳಬೇಕು ಎಂದು ಒಂದು ದಿನವೂ ತೋಚಲಿಲ್ಲ.

ಹೋದ ವರ್ಷ ಅಮ್ಮ ಹೋದಳು. ಓವನ್ನಿನ ಮೇಲೆ ಸುಜಾತ ಪೇಪರ್ ಜೋಡಿಸಿದಳು, ನಾನು ಬೇಡವೆನ್ನಲಿಲ್ಲ. ಈ ಸಲ ಪಿತೃಪಕ್ಷಕ್ಕೆ ಅವಳ ಹೆಸರಿನಲ್ಲಿ ಮೊದಲ ಎಡೆ. ತೀರಿಕೊಂಡವರು ಇಷ್ಟಪಟ್ಟದ್ದನ್ನೆಲ್ಲ ಎಲೆಯಲ್ಲಿ ಇಡಬೇಕು, ಒಂದು ಪಾಲನ್ನು ತಾರಸಿಯ ಮೇಲೆ ಕಾಗೆಗೆ ಇಡಬೇಕು, ಕಾಗೆ ಮುಟ್ಟಿದರೆ ಅವರು ಒಪ್ಪಿದರೆಂದು ಅರ್ಥ. ಅಮ್ಮನ ತಂಗಿ, ನಮ್ಮ ಚಿಕ್ಕಮ್ಮ, ಅಮ್ಮಸಂದ್ರದಿಂದ ಬೆಳಗಿನ ಬಸ್ಸಿಗೇ ಬಂದಿಳಿದು ಹೋಳಿಗೆ, ಕಜ್ಜಾಯ, ವಡೆ ಎಂದು ಅಪ್ಪಣೆ ಕೊಡುತ್ತಾ ಹೋದರು. ಕೊನೆಗೆ "ಅಕ್ಕಂಗೆ ಬಿಸ್ಕತ್ತು ಕಾಫಿ ಇಲ್ದಿದ್ರೆ ಆಯ್ತದೇನ್ಲಾ?" ಎಂದರು.

"ಬೇಕರಿಯಿಂದ ತಂದ್ಬಿಡಿ, ಹಬ್ಬದ ದಿನ ರಿಸ್ಕ್ ಬೇಡ ಕಣ್ರೀ" ಎಂದಳು ಸುಜಾತ.

ನನಗೆ ಚುರುಕ್ ಎಂದಿತು. ಅಮ್ಮ ತಿನ್ನುತ್ತಿದ್ದದ್ದು ನನ್ನ ಕೈಯದು. ಬದುಕಿದ್ದಾಗ ಒಂದು ಸಲವೂ ಸರಿಯಾಗಿ ಉಬ್ಬಿಸಿ ಕೊಡಲಿಲ್ಲ, ಈಗಲಾದರೂ ಕೊಡಬೇಕು ಎಂಬ ಹಟ ಹುಟ್ಟಿತು. ಸ್ನಾನ ಮಾಡಿ, ಮಡಿ ಪಂಚೆ ಉಟ್ಟು ಹಿಟ್ಟು ಜರಡಿ ಹಿಡಿದೆ. ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಯಲ್ಲೇ ಬೆರೆಸಿದೆ. ಕೊಬ್ಬರಿ ಪುಡಿ ಹಾಕಿದರೆ ಭಾರವಾಗಿ ಏಳುವುದಿಲ್ಲ ಎಂದು ಗೊತ್ತಿತ್ತು. ಆದರೆ ಕೊಬ್ಬರಿಯಿಲ್ಲದ ತಿಂಡಿಯನ್ನು ಅಮ್ಮ ತಿಂಡಿಯೆಂದೇ ಒಪ್ಪಿದವಳಲ್ಲ. ಒಂದು ಹಿಡಿ ಹಾಕಿದೆ. ಬೆಂದ ಮೇಲೆ ನೋಡಿದರೆ ಬಣ್ಣ ಚಿನ್ನದಂತೆ ಬಂದಿತ್ತು. ಒಳಗೆ ಹೇಗಿದೆಯೋ ತಿಳಿಯುವ ದಾರಿ ಮಾತ್ರ ಇರಲಿಲ್ಲ. ಎಡೆಗೆ ಇಡುವುದನ್ನು ಮುಂಚೆ ಬಾಯಿಗೆ ಹಾಕುವ ಹಾಗಿಲ್ಲವಲ್ಲ! ಯಾರೂ ನೋಡದ ಹಾಗೆ ಗೆಣ್ಣಿನಿಂದ ಕುಟ್ಟಿದೆ. ಟಣ್ ಎಂದಿತು. ಅಪ್ಪನಾಗಿದ್ದರೆ ತಲೆಯಾಡಿಸುತ್ತಿದ್ದರು.

ಪೂಜೆ ಮುಗಿಸಿ ತಾರಸಿಗೆ ಎಲೆ ಒಯ್ದೆವು. ಪಕ್ಕದಲ್ಲಿ ಚಿಕ್ಕಮ್ಮ ಒಂದು ತೆಂಗಿನ ಚಿಪ್ಪಿನಲ್ಲಿ ಕಾಫಿ ಇಟ್ಟರು. ಕಾಗೆಗಳು ಬಂದವು, ನೀರಿನ ಟ್ಯಾಂಕಿನ ಮೇಲೆ ಕೂತವು, ಎಲೆಯ ಕಡೆ ಕತ್ತು ಕೊಂಕಿಸಿ ನೋಡಿದವು, ಇಳಿಯಲಿಲ್ಲ. ಬಿಸಿಲೇರಿತು. "ಏನೋ ಕೊರತೆ ಮಾಡಿದ್ದೀವಿ" ಎಂದು ಸುಜಾತ ಮೆಲ್ಲಗೆ ಅಂದಳು. ಕಾಗೆಯ ಮೇಲೆ ನನಗೆ ಅಂಥ ನಂಬಿಕೆಯೇನೂ ಇಲ್ಲ, ಆದರೂ ಕೈ ಮುಗಿದು, ಅಮ್ಮಾ, ಹೋಳಿಗೆ ಬಿಟ್ಟರೂ ಪರವಾಗಿಲ್ಲ, ಬಿಸ್ಕತ್ತು ಒಂದು ಮುಟ್ಟು ಎಂದು ಬೇಡಿಕೊಂಡೆ.

ಒಂದು ಕಾಗೆ ಇಳಿಯಿತು. ಹೋಳಿಗೆ ದಾಟಿತು, ವಡೆ ದಾಟಿತು, ನೇರವಾಗಿ ಬಿಸ್ಕತ್ತನ್ನು ಕಚ್ಚಿತು. ಕಾಲಲ್ಲಿ ಒತ್ತಿಕೊಂಡು ಕುಕ್ಕಿತು. ಮತ್ತೆ ಕುಕ್ಕಿತು. ಆಮೇಲೆ ಅದನ್ನು ಎತ್ತಿಕೊಂಡು ಹೋಗಿ ಕಾಫಿಯ ಚಿಪ್ಪಿಗೆ ಹಾಕಿ, ಒಂದಿಷ್ಟು ಹೊತ್ತು ಕಾದು, ಹೊರಗೆಳೆದು ತಿಂದಿತು.

"ಅಕ್ಕನೇ ಕಣ್ಲಾ! ಹಂಗೇ ಅದ್ಕಂಡು ತಿಂತಿದ್ಲು!" ಎಂದು ಚಿಕ್ಕಮ್ಮ ಗೊಳೋ ಎಂದು ಅತ್ತರು. ಸುಜಾತಳೂ ಅತ್ತಳು. ನಾನೂ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡೆ.

ಊಟವಾದ ಮೇಲೆ ಚಿಕ್ಕಮ್ಮ ಪ್ರಸಾದವೆಂದು ಒಂದು ಬಿಸ್ಕತ್ತು ಬಾಯಿಗಿಟ್ಟರು. ದವಡೆ ನಿಂತಿತು. ಹೊರಗೆ ತೆಗೆದು ಸುಜಾತಳ ಕಡೆ ತಿರುಗಿ, "ಒಂದ್ ಲೋಟ ಕಾಫಿ ತಗಂಡ್ ಬಾ ತಾಯಿ" ಎಂದರು.

"ಅಮ್ಮಂಗೂ ಹಲ್ಲಿನ ತೊಂದರೆ ಇತ್ತಲ್ವಾ ಚಿಕ್ಕಮ್ಮ?" ಎಂದೆ.

"ಹಲ್ಲಾ? ಕಡೇಗಂಟ ಕೊಬ್ಬರಿ ಕಡೀತಿದ್ಲು ಕಣ್ಲಾ! ನಮ್ಮನೇಗ್ ಬಂದಾಗ ಬೇಕರಿ ಬಿಸ್ಕತ್ತ ಕಾಫಿಗ್ ಅದ್ದದೇನೆ ತಿನ್ನೋಳು. ನಿಂದ್ನ ಮಾತ್ರ..." ಎಂದವರು ನನ್ನ ಮುಖ ನೋಡಿ, "ಬುಡು, ಚೆನ್ನಾಗೈತೆ" ಎಂದರು. ಥೇಟ್ ಅಮ್ಮನ ದನಿ.

ಎಷ್ಟು ಭಾನುವಾರ ಅವಳು ಹಾಗೆ ಕಣ್ಣು ಮುಚ್ಚಿಕೊಂಡು ತಿಂದಳೋ. ನಾನೂ ಒಂದನ್ನು ತೆಗೆದುಕೊಂಡು, ಮೊದಲ ಸಲ, ಕಾಫಿಗೆ ಅದ್ದಿ ಕಾದೆ. ಕಾಗೆಯಾಗಿ ಬಂದದ್ದು ಅಮ್ಮನೇ ಎನ್ನುತ್ತಾರೆ ಚಿಕ್ಕಮ್ಮ. ಗಟ್ಟಿಯಾದದ್ದನ್ನು ನೆನೆಸಿ ತಿನ್ನುವ ಬುದ್ಧಿ ಕಾಗೆಗೆ ಮೊದಲಿಂದಲೂ ಇದೆ ಎನ್ನುತ್ತಾಳೆ ಸುಜಾತ. ಯಾರ ಮಾತು ನಿಜವೋ ನಾನರಿಯೆ. ಬಂದದ್ದು ಅಮ್ಮನಾದರೂ ಸರಿ, ಬರೀ ಕಾಗೆಯಾದರೂ ಸರಿ, ನನ್ನ ಬಿಸ್ಕತ್ತಿನ ಬಗ್ಗೆ ಇಬ್ಬರ ಅಭಿಪ್ರಾಯವೂ ಒಂದೇ.