ಬಿಚ್ಚಿ ಜೋಡಿಸಿದ ಕುರಿ ಆಟ

ನಮ್ಮ ಆಫೀಸಿನಲ್ಲಿ ಹೊಸದೊಂದನ್ನು ಸೇರಿಸಿದ ದಿನ ಹಳೆಯದೊಂದು ತಲೆಕೆಟ್ಟು ಕುಣಿಯದಿದ್ದರೆ ನಮಗೇ ಅನುಮಾನ ಬರುತ್ತದೆ, ಇವತ್ತು ಕಂಪ್ಯೂಟರ್ ಆನ್ ಮಾಡಿದ್ದೇವೋ ಇಲ್ಲವೋ ಅಂತ.

ಆಫೀಸು ಅಂದರೆ ಮಧುಗಿರಿಯ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿ. ಅಲ್ಲಿ ಮೊಬೈಲಿನಲ್ಲಿ ಆಡುವ ಒಂದು ಆಟ ತಯಾರಾಗುತ್ತದೆ. ಕುರಿ ಕಾಯುವ ಆಟ. ದೊಡ್ಡೇರಿಯಿಂದ ಮಂದೆ ಹೊಡೆದುಕೊಂಡು ಹೋಗಿ, ವಳ್ಳೂರಿನ ಸೋಲಾರ್ ಪ್ಯಾನೆಲ್‌ಗಳ ನಡುವೆ ಮೇಯಿಸಿ, ಒಂದೂ ಕಳೆಯದಂತೆ ವಾಪಸ್ ಹಟ್ಟಿಗೆ ತರಬೇಕು. ನಿಜವಾಗಿ ನಡೆದರೆ ಚಪ್ಪಲಿ ಸವೆಯುವಷ್ಟು ದೂರ. ಆಟದಲ್ಲಿ ಒಂದು ಟೀ ಕುಡಿಯುವಷ್ಟರಲ್ಲಿ ಮುಗಿಯುತ್ತದೆ.

ನಾವು ನಾಲ್ಕು ಜನ. ಯಜಮಾನರು ಮೊದಲು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದವರು. ಶಿರಾದ ಹುಡುಗ ಆಟದ ಕೋಡನ್ನು, ಅಂದರೆ ಕಂಪ್ಯೂಟರಿಗೆ ಕೊಡುವ ಅಪ್ಪಣೆಗಳನ್ನು, ಮೊದಲಿನಿಂದ ಬರೆದವನು. ಪಾವಗಡದ ಹುಡುಗಿ ಆ ಕೋಡನ್ನು ನೋಡಿ ತಲೆ ಮೇಲೆ ಕೈ ಹೊತ್ತವಳು. ನಾಲ್ಕನೆಯವನು ನಾನು. ಮೊದಲು ಟ್ರಾಕ್ಟರ್ ಟ್ರೈಲರಿನ ಹಿಂದೆ ನವಿಲು ಬರೆಯುತ್ತಿದ್ದೆ, ಈಗ ಕಂಪ್ಯೂಟರಿನಲ್ಲಿ ಕುರಿ ಬರೆಯುತ್ತೇನೆ. ಆಟ ಆಡಿ ತಪ್ಪು ಹುಡುಕುವುದೂ ನನ್ನದೇ ಕೆಲಸ. ಮೀಸೆ ನರೆತ ಮೇಲೆ ಆಟ ಆಡುವುದಕ್ಕೆ ಸಂಬಳ ಕೊಡುತ್ತಾರೆ ಅಂದರೆ ನನ್ನ ಹೆಂಡತಿ ಇನ್ನೂ ನಂಬಿಲ್ಲ.

ಇಲ್ಲಿ ಬರೆದಿರುವುದರಲ್ಲಿ ಮುಕ್ಕಾಲು ಪಾಲು ನಿಜ. ಸುಳ್ಳಿನ ಕಾಲು ಪಾಲು ಎಲ್ಲಿದೆ ಅಂತ ಈಗ ನನಗೂ ನೆನಪಿಲ್ಲ. ಆದರೆ ಪಾವಗಡದ ಹುಡುಗಿಯ ವಿಷಯ ಸುಳ್ಳಲ್ಲ. ಅವಳು ಊರಿನಲ್ಲಿ ಪಾಠ ಹೇಳುವ ಕೆಲಸ ಬಿಟ್ಟು ಬಂದವಳು. "ಆಟ ಮಾಡೋದೂ ಒಂದು ಕೆಲ್ಸವೇನೇ?" ಅಂತ ಸೋದರಮಾವ ಬಸ್‌ಸ್ಟ್ಯಾಂಡಿನಲ್ಲೇ ಬೈದು ಹತ್ತಿಸಿದ್ದರು. ಇಲ್ಲಿ ಸೋತರೆ ಆ ಮಾವನ ಎದುರಿಗೇ ಹೋಗಿ ಇಳಿಯಬೇಕು. ಅವಳ ಹಟ ಒಂದೇ, ಆಟದ ಕೋಡನ್ನು ಪೂರ್ತಿ ಬಿಚ್ಚಿ ನೆಟ್ಟಗೆ ಜೋಡಿಸಬೇಕು. ಯಜಮಾನರ ಹಟವೂ ಒಂದೇ, ಬಿಚ್ಚಕೂಡದು.

೧. ದಾರಿಯಲ್ಲೊಬ್ಬಳು ಅಜ್ಜಿ

ಒಂದು ಸೋಮವಾರ ಯಜಮಾನರಿಗೆ ಹೊಸ ಯೋಚನೆ ಬಂತು. ದಾರಿಯಲ್ಲಿ ಒಬ್ಬಳು ಅಜ್ಜಿ ನಿಂತಿರಬೇಕು, ಕುರಿ ಕಾಯುವವನು ಹತ್ತಿರ ಬಂದರೆ ಊಟಕ್ಕೆ ಕರೆಯಬೇಕು. ಅಜ್ಜಿಯ ಚಿತ್ರ ನಾನು ಬರೆದೆ. ದನಿಗೆ ಯಜಮಾನರ ಸ್ವಂತ ತಾಯಿಯನ್ನೇ ಕರೆಸಿದೆವು. ಶಿರಾದ ಹುಡುಗ ಮಧ್ಯಾಹ್ನದೊಳಗೆ ಅಜ್ಜಿಯನ್ನು ತಂದು ನಿಲ್ಲಿಸಿಬಿಟ್ಟ.

ನಾನು ಮಂದೆ ಹೊಡೆದುಕೊಂಡು ಹೋದೆ. ಅಜ್ಜಿ ಕಂಡಿದ್ದೇ ತಡ, ಕುರಿಗಳೆಲ್ಲ ದಾರಿ ಬಿಟ್ಟು ಓಡಿಹೋಗಿ ಸುತ್ತ ನಿಂತು ಮೇಯತೊಡಗಿದವು. ಒಂದೊಂದು ಬಾಯಿಗೂ ಅಜ್ಜಿ ಸಣ್ಣಗಾಗುತ್ತಾ ಬಂದಳು.

"ಲೇ, ಏನ್ಲಾ ಇದು? ಅಜ್ಜೀನ ಮೇಯ್ತಾ ಅವಲ್ಲೋ!" ಯಜಮಾನರು ಕುರ್ಚಿಯಿಂದ ಎದ್ದೇಬಿಟ್ಟರು.

"ಅರೆ, ಮರಾನೂ ನಿಂತ ಕಡೆ ನಿಂತಿರ್ತದೆ, ಅಜ್ಜೀನೂ ನಿಂತ ಕಡೆ ನಿಂತಿರ್ತಾಳೆ. ಅದ್ಕೇ ಮರದ ಕೋಡು ಕಾಪಿ ಹೊಡೆದು ಮೇಲೆ ಸೀರೆ ಉಡಿಸ್ದೆ ಸಾರ್," ಎಂದ ಶಿರಾದ ಹುಡುಗ. "ಕುರಿಗೆ ಅಷ್ಟೆಲ್ಲ ತಿಳೀತದಾ? ಮರ ಅಂತ ತಿಂತಾವೆ."

ಪಾವಗಡದ ಹುಡುಗಿ ಬಾಯಿಗೆ ಸೆರಗು ಇಟ್ಟುಕೊಂಡು ಗೋಡೆ ಕಡೆ ತಿರುಗಿದಳು. ಅಷ್ಟರಲ್ಲಿ ಅಜ್ಜಿ ಮೊಣಕಾಲಿನಷ್ಟು ಎತ್ತರ ಉಳಿದಿದ್ದಳು. ಕುರಿ ಕಾಯುವವನು ಹತ್ತಿರ ಹೋದ. ಯಜಮಾನರ ತಾಯಿಯ ದನಿ ಇಡೀ ಆಫೀಸಿಗೆ ಕೇಳುವಂತೆ ಅಕ್ಕರೆಯಿಂದ ಕೂಗಿತು: "ಬಂದ್ರಾ ಮಕ್ಕಳಾ? ಹೊಟ್ಟೆ ತುಂಬ ತಿಂದ್ಕಂಡೇ ಹೋಗ್ರಪ್ಪಾ, ನಾಚ್ಕಬ್ಯಾಡಿ!"

೨. ಸಿಳ್ಳೆಗೆ ಬರುವ ಬಸ್ಸು

ಅಜ್ಜಿಗೆ ಹೇಗೋ ತೇಪೆ ಹಾಕಿದ್ದಾಯಿತು. ಮುಂದಿನ ವಾರ ಯಜಮಾನರಿಗೆ ರಸ್ತೆಯಲ್ಲಿ ಪಾವಗಡದ ಬಸ್ಸು ಬೇಕಾಯಿತು. ಈ ಸಲ ಶಿರಾದ ಹುಡುಗ ಹುಷಾರಾಗಿದ್ದ. ನಿಂತಿರುವುದನ್ನು ಮುಟ್ಟಲಿಲ್ಲ, ಚಲಿಸುವುದನ್ನೇ ಹುಡುಕಿದ. ಕುರಿ ಸಿಕ್ಕಿತು. ಕುರಿಯ ಕೋಡನ್ನು ಕಾಪಿ ಹೊಡೆದು, ನಾಲ್ಕು ಕಾಲಿನ ಜಾಗಕ್ಕೆ ನಾಲ್ಕು ಚಕ್ರ ಹಾಕಿದ.

ಅವತ್ತೇ ದೊಡ್ಡೇರಿ ಕಡೆಯ ಒಬ್ಬ ಕುರಿಗಾಹಿಗೆ ಆಟ ತೋರಿಸುವುದಿತ್ತು. ಕರೆತಂದವನು ನಾನೇ. ಬಸ್ಸಿನ ಕಥೆ ನನಗೆ ಬೆಳಿಗ್ಗೆಯೇ ಗೊತ್ತಾಗಿತ್ತು, ಬೇಕಂತಲೇ ಬಾಯಿ ಬಿಟ್ಟಿರಲಿಲ್ಲ.

ಆತ ಪರದೆಯ ಮೇಲೆ ಬೆರಳಿಟ್ಟು ಸಿಳ್ಳೆ ಹಾಕಿಸಿದ. ಕುರಿಗಳು ಬಂದವು. ಅವುಗಳ ಹಿಂದೆ ರಸ್ತೆ ಬಿಟ್ಟು, ಹೊಲ ದಾಟಿ, ಬೇಲಿ ಹಾರಿ ಬಸ್ಸೂ ಬಂತು. ಬಂದು ಮಂದೆಯ ನಡುವೆ ತಲೆ ತಗ್ಗಿಸಿ ನಿಂತಿತು. ನಾಯಿ ಬೊಗಳಿದಾಗ ಬೆದರಿ ಹಿಂದಕ್ಕೆ ಸರಿಯಿತು. ಸಂಜೆ ಹಟ್ಟಿಯೊಳಗೂ ಹೋಗಿ ಮಲಗಿತು.

"ಅಯ್ಯೋ, ಏಮಿಟಿದಿ ಅಣ್ಣಾ!" ಗಾಬರಿಯಾದರೆ ಪಾವಗಡದ ಹುಡುಗಿಗೆ ತೆಲುಗು ತಾನಾಗಿ ಬರುತ್ತದೆ. "ಬಸ್ಸಿಗೆ ಉಣ್ಣೆ ಬೇರೆ ಅದೆ. ಕತ್ತರಿಸೋ ಬಟನ್ ಬರ್ತಾ ಅದೆ ನೋಡಿ!"

ಯಜಮಾನರು ತಲೆ ಚಚ್ಚಿಕೊಂಡರು. ಉಳಿದವರು ನಕ್ಕೆವು, ಕುರಿಗಾಹಿ ಮಾತ್ರ ನಗಲಿಲ್ಲ. ಇನ್ನೊಂದು ಸಲ ಸಿಳ್ಳೆ ಹಾಕಿಸಿ, ಬಸ್ಸು ಓಡಿಬರುವುದನ್ನು ಕಣ್ತುಂಬ ನೋಡಿ ಹೇಳಿದ: "ಸ್ವಾಮಿ, ಬ್ಯಾರೆ ಏನಾರ ತೆಗೀರಿ, ಇದೊಂದು ತೆಗೀಬ್ಯಾಡ್ರಿ. ನಾವು ರಸ್ತೆಗೆ ಅಡ್ಡ ಮಲಗಿದ್ರೂ ನಮ್ಮೂರ ಬಸ್ಸು ನಿಲ್ಲಕಿಲ್ಲ."

೩. ಗೃಹಪ್ರವೇಶ

ಆಮೇಲೆ ಪಾವಗಡದ ಹುಡುಗಿ ಯಜಮಾನರ ಮೇಜಿನ ಎದುರು ಹೋಗಿ ನಿಂತಳು.

"ಸಾರ್, ಅಜ್ಜಿ ಮರದ ಮಗಳಲ್ಲ, ಬಸ್ಸು ಕುರಿ ಮಗ ಅಲ್ಲ. ನಡೆಯೋದು ಒಂದು ಭಾಗ, ಮೇಯೋದು ಒಂದು ಭಾಗ, ಮಾತಾಡೋದು ಒಂದು ಭಾಗ. ಎಲ್ಲಾ ಬಿಡಿಬಿಡಿಯಾಗಿ ಮಾಡಿಟ್ಕಂಡು, ಯಾರಿಗೆ ಏನು ಬೇಕೋ ಅಷ್ಟು ಮಾತ್ರ ಹಚ್ಚಿದ್ರೆ ಸಾಕು. ಆಮೇಲೆ ಹೊಸದು ಏನು ತಂದ್ರೂ ಹಳೇದು ಅಲ್ಲಾಡಲ್ಲ."

ಯಜಮಾನರು ಸಮಾಧಾನವಾಗಿ ಕೇಳಿಸಿಕೊಂಡರು. "ಸರಿ ಕಣಮ್ಮ. ಇಷ್ಟೆಲ್ಲ ಮಾಡಿದ್ಮೇಲೆ ಆಟ ನೋಡಾಕೆ ಹೆಂಗಿರ್ತದೆ?"

"ಈಗ ಹೆಂಗಿದೆಯೋ ಹಂಗೇ ಸಾರ್."

"ಅಂದ್ರೆ, ಇರೋ ಮನೆ ಕೆಡವಿ, ಇಟ್ಟಿಗೆ ತೊಳ್ದು, ತಿರುಗಾ ಅದೇ ಮನೆ ಕಟ್ತೀಯ. ನಾನು ಪಾಯಸ ಮಾಡ್ಸಿ ಗೃಹಪ್ರವೇಶ ಮಾಡ್ಬೇಕು. ಅಲ್ವಾ?"

ಹುಡುಗಿಯ ಮುಖ ಕೆಂಪಗಾಯಿತು, ಆದರೆ ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಯಜಮಾನರೇ ಒಂದು ಒಪ್ಪಂದಕ್ಕೆ ಬಂದರು. ಕೊರಟಗೆರೆಯ ಒಂದು ಶಾಲೆಯಲ್ಲಿ ಆಟ ತೋರಿಸಲು ಒಪ್ಪಿಕೊಂಡಿದ್ದರು. ಅಲ್ಲಿಯವರೆಗೆ ಅವಳಿಗೆ ಕಾಲಾವಕಾಶ. ಅವತ್ತು ಮಕ್ಕಳು ಏನು ಕೇಳುತ್ತಾರೋ ಅದನ್ನು ಅವರ ಕಣ್ಣೆದುರೇ ಸೇರಿಸಬೇಕು. ಹಳೆಯದು ಒಂದೇ ಒಂದು ಕೆಟ್ಟರೂ ಅವಳು ಪಾವಗಡದ ಬಸ್ಸು ಹತ್ತಬೇಕು.

"ಸರೇ ಸಾರ್," ಎಂದಳು.

ತಾನು ಬರೆದದ್ದನ್ನು ಕೆಡವುತ್ತಾರೆ ಅಂತ ಶಿರಾದ ಹುಡುಗ ಮುನಿಸಿಕೊಳ್ಳುತ್ತಾನೆ ಎಂದು ನಾವೆಲ್ಲ ಅವನ ಮುಖವನ್ನೇ ನೋಡಿದೆವು. ಅವನು ತುಂಬ ಯೋಚಿಸಿ ಕೇಳಿದ: "ಸಾರ್, ಪಾಯಸ ಪಕ್ಕಾನಾ?"

೪. ಬಾಯಿ ಬಂದ ಬೈಕು

ಹುಡುಗಿ ಬಿಚ್ಚತೊಡಗಿದಳು. ಕೆಲವೇ ದಿನಗಳಲ್ಲಿ ನನ್ನಂಥ ದಡ್ಡನಿಗೂ ಅರ್ಥವಾಗುವ ಹಾಗೆ ಪರದೆಯ ಬದಿಯಲ್ಲಿ ಭಾಗಗಳು ಸಾಲಾಗಿ ಬಂದು ಕುಳಿತವು: ನಡೆಯುವುದು, ಮೇಯುವುದು, ಬೊಗಳುವುದು, ಮಾತಾಡುವುದು. ಯಾವುದನ್ನು ಯಾರಿಗೆ ಬೇಕಾದರೂ ಎಳೆದು ಅಂಟಿಸಬಹುದು, ಬೇಡವಾದರೆ ಕಿತ್ತು ಹಾಕಬಹುದು.

ಇಂಥದ್ದನ್ನು ನನ್ನ ಕೈಗೆಟುಕುವಂತೆ ಇಡಬಾರದಿತ್ತು.

ಅವಳು ಊಟಕ್ಕೆ ಹೋದಾಗ ಸೋಲಾರ್ ಪಾರ್ಕಿನ ಗೇಟಿಗೆ "ಬೊಗಳುವುದು" ಅಂಟಿಸಿದೆ. ಶಿರಾದ ಹುಡುಗ ತನ್ನದೇ ಬೈಕನ್ನು ಹೋಲುವ ಒಂದು ಬೈಕನ್ನು ಆಟದಲ್ಲಿ ಮುದ್ದಿನಿಂದ ಇಟ್ಟುಕೊಂಡಿದ್ದ. ಅದಕ್ಕೆ "ಮೇಯುವುದು" ಅಂಟಿಸಿದೆ.

ಸ್ವಲ್ಪ ಹೊತ್ತಿಗೇ ಅವನು ಆಟ ತೆರೆದ. ಗೇಟು ಬೊಗಳಿತು. ಬೈಕು ಸ್ಟ್ಯಾಂಡು ತೆಗೆದುಕೊಂಡು ಹೊಲಕ್ಕಿಳಿದು ಹುಲ್ಲು ಮೇಯತೊಡಗಿತು. ಅವನು ಬೆವೆತುಹೋದ. ತನ್ನ ಹಳೆಯ ಕೋಡನ್ನು ತಲೆಯಿಂದ ಬುಡದವರೆಗೆ, ಬುಡದಿಂದ ತಲೆಯವರೆಗೆ ಓದಿದ. "ಭಾಯ್, ನಾನು ಬೈಕಿಗೆ ಹುಲ್ಲು ಅಂತ ಎಲ್ಲೂ ಬರ್ದಿಲ್ಲ, ಅಲ್ಲಾಣೆ!" ಅಂತ ನನ್ನ ಹತ್ತಿರವೇ ಬಂದು ಗೋಳಾಡಿದ. "ಪೆಟ್ರೋಲ್ ರೇಟ್ ನೋಡಿ ಅದೇ ಕಲ್ತುಕೊಂಡಿರಬೇಕು ಕಣೋ," ಅಂತ ಸಮಾಧಾನ ಹೇಳಿದೆ.

ಹುಡುಗಿ ಊಟ ಮುಗಿಸಿ ಬಂದಳು. ಬೈಕಿನ ಮೇಲೆ ಒಂದು ಸಲ ಒತ್ತಿ, ಅದಕ್ಕೆ ಅಂಟಿಸಿದ್ದ ಭಾಗಗಳನ್ನು ನೋಡಿದಳು. "ಬೈಕಿಗೆ ಯಾರೋ ಬಾಯಿ ಕೊಟ್ಟವ್ರೆ," ಎಂದು ಅದನ್ನು ಕಿತ್ತಳು. ಗೇಟಿನ ನಾಲಿಗೆಯನ್ನೂ ಕಿತ್ತಳು. ಶಿರಾದ ಹುಡುಗ ಬಾಯಿ ಬಿಟ್ಟುಕೊಂಡು ನೋಡಿದ. "ಅಕ್ಕಾ, ಇಷ್ಟೇನಾ? ನಂಗೂ ಹೇಳಿಕೊಡಿ," ಎಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಹೋದ.

ನನ್ನ ಲೆಕ್ಕವನ್ನು ಹುಡುಗಿ ಬೇರೆಯಾಗಿ ತೀರಿಸಿದಳು. ಮಾರನೆಯ ದಿನ ಆಟ ತೆರೆದರೆ ದಾರಿಯ ಪಕ್ಕದಲ್ಲಿ ನನ್ನದೇ ಮೀಸೆಯ ಒಂದು ಬೊಂಬೆ ನಿಂತಿತ್ತು. ಅದಕ್ಕೆ ಅಂಟಿಸಿದ್ದು ಒಂದೇ ಭಾಗ, "ಮಾತಾಡುವುದು".

"ಇದೇನಮ್ಮಾ, ನನಗೆ ಕೈ ಇಲ್ಲ, ಕಾಲಿಲ್ಲ, ಒಂದು ಕೆಲಸ ಇಲ್ಲ?"

"ನಿಮ್ಮನ್ನ ನೋಡ್ಕಂಡೇ ಮಾಡಿದ್ದು ಅಣ್ಣಾ," ಎಂದಳು.

೫. ಕೊರಟಗೆರೆಯಲ್ಲಿ ಮಳೆ

ಕೊನೆಗೆ ಕೊರಟಗೆರೆಯ ದಿನ ಬಂತು. ಶಾಲೆಯ ದೊಡ್ಡ ಕೋಣೆಯ ಗೋಡೆಗೆ ಬಿಳಿ ಪರದೆ ಕಟ್ಟಿ ಆಟವನ್ನು ದೊಡ್ಡದಾಗಿ ಬಿಟ್ಟೆವು. ಮಕ್ಕಳು ನೆಲದ ಮೇಲೆ, ಮೇಷ್ಟ್ರುಗಳು ಬೆಂಚಿನ ಮೇಲೆ. ಹುಡುಗಿ ಬೆಳಿಗ್ಗೆಯಿಂದ ಒಂದು ತೊಟ್ಟು ಕಾಫಿ ಕುಡಿದಿರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ನನ್ನ ಮೀಸೆಯ ಬೊಂಬೆಯನ್ನು ಹುಡುಗಿ ಆಮೇಲೆ ತೆಗೆದಿದ್ದಳು, ಆದರೆ ಆಟದಲ್ಲಿ ಯಜಮಾನರದೂ ಒಂದು ಬೊಂಬೆ ಇದೆ. ಬಿಳಿ ಪಂಚೆ, ಬಿಳಿ ಶರಟು, ಬಯಲಿನ ನಟ್ಟನಡುವೆ ನಿಂತು ಬಂದವರಿಗೆಲ್ಲ ಕೈಮುಗಿದು ನಗುತ್ತದೆ. ಕತ್ತು ಎಷ್ಟು ಬಾಗಬೇಕು, ಹಲ್ಲು ಎಷ್ಟು ಕಾಣಬೇಕು ಅಂತ ಪಕ್ಕದಲ್ಲೇ ಕೂತು ಬರೆಸಿದ್ದರು. ಹುಡುಗಿ ಎಲ್ಲವನ್ನೂ ಬಿಚ್ಚುತ್ತಾ ಅಲ್ಲಿಗೆ ಬಂದಾಗ, "ಬ್ಯಾರೆ ಯಾರನ್ನಾದ್ರೂ ಬಿಚ್ಕೋ, ನನ್ನ ಮಾತ್ರ ಮುಟ್ಬ್ಯಾಡ ಕಣಮ್ಮ" ಎಂದು ಕಟ್ಟಪ್ಪಣೆ ಮಾಡಿದ್ದರು.

ಯಜಮಾನರು ಮೈಕು ಹಿಡಿದರು. "ಮಕ್ಕಳೇ, ಆಟಕ್ಕೆ ಏನು ಸೇರಿಸ್ಬೇಕು ಕೇಳ್ರಿ. ನೀವು ಉಪ್ಪಿಟ್ಟು ತಿಂದು ಕೈ ತೊಳ್ಕಂಡು ಬರೋದ್ರೊಳಗೆ ಈ ಅಕ್ಕ ಸೇರಿಸ್ತಾರೆ."

ಮುಂದಿನ ಸಾಲಿನ ಒಬ್ಬಳು ಎದ್ದು "ಮಳೆ!" ಎಂದಳು. ಇಡೀ ಕೋಣೆಯೇ "ಮಳೆ! ಮಳೆ!" ಎಂದು ಕೂಗಿತು.

ಶಿರಾದ ಹುಡುಗ ನನ್ನ ತೊಡೆ ಹಿಂಡಿದ. ಹಿಂದೊಮ್ಮೆ ಅವನು ಮಳೆ ಬರಿಸಲು ಹೋಗಿ ಮೋಡದ ಜೊತೆ ಕುರಿಗಳೂ ಆಕಾಶಕ್ಕೆ ಹೋಗಿದ್ದವು. "ಆಯ್ತು, ಅಕ್ಕನ ಕಥೆ ಖತಂ," ಎಂದು ಪಿಸುಗುಟ್ಟಿದ. ಯಜಮಾನರು ಆಗಲೇ ಗೆದ್ದವರ ಹಾಗೆ ಬೆಂಚಿಗೆ ಒರಗಿದ್ದರು.

ಹುಡುಗಿ ಕೀಬೋರ್ಡು ಕುಟ್ಟತೊಡಗಿದಳು. ಬಿಸಿಲು ಹೆಚ್ಚಾದರೆ ನೆರಳಿಗೆ ಓಡಬೇಕು ಎಂಬ ಒಂದು ಭಾಗವನ್ನು ಅವಳು ಎಲ್ಲರಿಗೂ ಮೊದಲೇ ಅಂಟಿಸಿಟ್ಟಿದ್ದಳು. ಈಗ ಮೋಡ ತಂದಳು, ಹನಿ ತಂದಳು, ಹನಿ ಬಿದ್ದಾಗಲೂ ಅದೇ ಭಾಗ ಕೆಲಸ ಮಾಡುವಂತೆ ಒಂದು ಸಾಲು ಸೇರಿಸಿದಳು. ಅಷ್ಟೇ. ಮಕ್ಕಳು ಒದ್ದೆ ಕೈ ಒರೆಸಿಕೊಂಡು ಬಂದು ಕುಳಿತರು.

ಪರದೆಯ ಮೇಲೆ ಕಪ್ಪಗಾಯಿತು. ಮಳೆ ಶುರುವಾಯಿತು. ಕುರಿಗಳು ತಲೆಯೆತ್ತಿ ನೋಡಿ ಸೋಲಾರ್ ಪ್ಯಾನೆಲ್‌ಗಳ ಕೆಳಗೆ ಓಡಿದವು. ನಾಯಿ ಓಡಿತು. ಅಜ್ಜಿ ಕೋಲೂರಿಕೊಂಡು ಹೋಗಿ ಕುರಿಗಳನ್ನು ಸರಿಸಿ ನಿಂತಳು. ಕುರಿ ಕಾಯುವವನು ಅವಳ ಪಕ್ಕ ಒತ್ತಿಕೊಂಡ. ಒಂದೂ ಕಳೆಯಲಿಲ್ಲ, ಒಂದೂ ಹಾರಲಿಲ್ಲ. ಬಸ್ಸು ರಸ್ತೆಯಲ್ಲೇ ಹೋಯಿತು.

ಮಕ್ಕಳು ಚಪ್ಪಾಳೆ ಹೊಡೆದರು. ಮರುಗಳಿಗೆಯೇ ಕೋಣೆಯ ತುಂಬ ನಗು ಎದ್ದಿತು. ಖಾಲಿಯಾದ ಬಯಲಿನ ನಟ್ಟನಡುವೆ, ಧೋ ಎಂದು ಸುರಿಯುವ ಮಳೆಯಲ್ಲಿ, ಯಜಮಾನರ ಬೊಂಬೆ ಒಂದೇ ನಿಂತು ಯಾರಿಗೋ ಕೈಮುಗಿದು ನಗುತ್ತಿತ್ತು.

ಯಜಮಾನರು ಎದ್ದು ನಿಂತರು. "ಏನಮ್ಮಾ ಇದು? ನಾನೊಬ್ನೇ ಯಾಕೆ ನೆನೀತಿದೀನಿ?"

"ನಿಮ್ಮನ್ನ ಮುಟ್ಬೇಡ ಅಂದಿದ್ರಲ್ಲಾ ಸಾರ್," ಎಂದಳು ಹುಡುಗಿ. "ನೀವೊಬ್ರೇ ಹಳೇ ಕೋಡಲ್ಲಿ ಇರೋದು. ಹಳೇದು ಯಾವುದೂ ಅಲ್ಲಾಡಬಾರ್ದು ಅಂತ ನೀವೇ ಹೇಳಿದ್ದು. ಅಲ್ಲಾಡಿಲ್ಲ ಸಾರ್."

"ತಾತಾ, ಒಳಕ್ಕೆ ಬನ್ನಿ! ತಾತಾ, ಒಳಕ್ಕೆ ಬನ್ನಿ!" ಮಕ್ಕಳು ಪರದೆಯ ಕಡೆ ಕೈಬೀಸಿ ಕರೆಯತೊಡಗಿದರು. ಬೊಂಬೆ ಅವರಿಗೂ ಕೈಮುಗಿಯಿತು. ಮಳೆ ಜೋರಾಯಿತು.

ಯಜಮಾನರು ಒಂದು ಗಳಿಗೆ ಪರದೆಯನ್ನು ನೋಡಿದರು, ಒಂದು ಗಳಿಗೆ ಹುಡುಗಿಯನ್ನು ನೋಡಿದರು. ಆಮೇಲೆ ತಮಗೆ ತಿಳಿಯದೆಯೇ ಟವೆಲಿನಿಂದ ತಲೆ ಒರೆಸಿಕೊಳ್ಳುತ್ತಾ ಹೇಳಿದರು:

"ನೀನೇ ಗೆದ್ದೆ, ಬುಡಮ್ಮಾ! ಪಾವಗಡಾನೂ ಬ್ಯಾಡ, ಎಲ್ಲೂ ಬ್ಯಾಡ. ಮೊದ್ಲು ಬಂದು ನನ್ನ ಬಿಚ್ಚಿ ಜೋಡಿಸು, ನೆಗಡಿ ಆಯ್ತದೆ!"