ಮಾವನ ಪಿಸ್ತೂಲು ಮತ್ತು ಒಂದು ಚೀಟಿ

ನಮ್ಮ ಮಾವನಿಗೆ ಒಂದು ಪಿಸ್ತೂಲಿದೆ. ಸದ್ಯಕ್ಕೆ ಅದು ಪೊಲೀಸ್ ಠಾಣೆಯಲ್ಲಿದೆ. ಇಷ್ಟು ಹೇಳಿದ ಕೂಡಲೇ ನೀವು ಏನೇನೋ ಊಹಿಸಿಕೊಳ್ಳುತ್ತೀರಿ ಎಂದು ನನಗೆ ಗೊತ್ತು. ಆದರೆ ಆ ಪಿಸ್ತೂಲಿನಿಂದ ಇಲ್ಲಿಯವರೆಗೆ ಗಾಯಗೊಂಡವರು ಒಬ್ಬರೇ. ಅದು ಸ್ವತಃ ಮಾವ, ಅದೂ ಕಾಲಿನ ಹೆಬ್ಬೆರಳಿಗೆ! ಇನ್ನು ಅದನ್ನು ಪೊಲೀಸರು ಜಪ್ತಿ ಮಾಡಿ ಠಾಣೆಗೆ ಒಯ್ದದ್ದೂ ಅಲ್ಲ. ತಗೊಳ್ಳಿ, ತಗೊಂಡು ಒಂದು ಚೀಟಿ ಕೊಡಿ ಎಂದು ಮಾವನೇ ಪೊಲೀಸರ ಬೆನ್ನು ಬಿದ್ದಿದ್ದರು.

ಮಾವ ಎಂದರೆ ನನ್ನ ತಾಯಿಯ ತಮ್ಮ. ಶಿಕಾರಿಪುರದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾರೆ. ಅವರ ಪ್ರಕಾರ ಈ ಲೋಕದಲ್ಲಿ ಇರುವುದು ಎರಡೇ ಜಾತಿ. ಒಂದು ಒರಿಜಿನಲ್, ಇನ್ನೊಂದು ಡೂಪ್ಲಿಕೇಟ್. "ಡೂಪ್ಲಿಕೇಟ್ ಬೇರಿಂಗ್ ಹಾಕ್ಸಿ ಗದ್ದೆ ನಡುವೆ ನಿಂತು ಅಳ್ತೀರೇನ್ರೀ?" ಎಂದು ಗಿರಾಕಿಗಳಿಗೆ ಬುದ್ಧಿ ಹೇಳುತ್ತಲೇ ಅವರ ತಲೆ ನೆರೆತಿದೆ. ಅಗ್ಗದ್ದು ಕೇಳಿದವರಿಗೆ ಸಾಮಾನು ಕೊಡದೆ ಮಜ್ಜಿಗೆ ಕೊಟ್ಟು ಕಳಿಸಿದ್ದೂ ಉಂಟು. ಅಂಥ ಮನುಷ್ಯ ಹೋದ ವರ್ಷ ಏನು ತರಿಸಿಕೊಂಡರು ಹೇಳಿ? ಡೂಪ್ಲಿಕೇಟ್ ಪಿಸ್ತೂಲು! ಹಳೆಯ ಮಿಲಿಟರಿ ಪಿಸ್ತೂಲಿನ ನಕಲು, ಒಂದು ಸಾಧಾರಣ ಮೊಬೈಲಿನ ಬೆಲೆಗೆ.

"ಮಾವಾ, ಇದು ಡೂಪ್ಲಿಕೇಟ್ ಅಲ್ವಾ?" ಎಂದು ಕೇಳಿದೆ.

"ಅಲ್ಲವ್ವ, ಮಾಡೆಲ್" ಎಂದರು ಮಾವ, ಮುಖದ ಒಂದು ಗೆರೆಯೂ ಅಲುಗದಂತೆ. "ಒರಿಜಿನಲ್ ತಗಂಡ್ರೆ ಲೈಸೆನ್ಸ್ ಬೇಕು, ಆಮೇಲೆ ಗುಂಡು ಬೇಕು, ಆಮೇಲೆ ವಕೀಲ ಬೇಕು. ಇದಕ್ಕೆ ಎರಡು ಹನಿ ಎಣ್ಣೆ ಸಾಕು."

ನನ್ನನ್ನು ಕೇಳಿದರೆ, ಅಗ್ಗದ ನಕಲಿ ಪಿಸ್ತೂಲಿನ ಪರವಾಗಿ ಇದಕ್ಕಿಂತ ಬಲವಾದ ವಾದ ಇರಲಾರದು. ಆದರೆ ಅದನ್ನು ತೆಗೆದುಕೊಂಡು ಮಾಡುವುದೇನು? ಹಾಗೆಂದು ಕೇಳಿದ್ದೇ ತಡ, ಮಾವ ಎಣ್ಣೆಯ ಡಬ್ಬಿ ಹುಡುಕುವ ನೆಪದಲ್ಲಿ ಒಳಗೆ ಹೋದರು.

ತರಿಸಿದ್ದಾದರೂ ಒಂದೇ ಸಲಕ್ಕೆ ಮುಗಿಯಿತೇ? ಮೊದಲು ಬಂದದ್ದು ಪ್ಲಾಸ್ಟಿಕ್ಕಿನದು. ಎರಡೇ ದಿನದಲ್ಲಿ ವಾಪಸ್ಸು ಹೋಯಿತು. ಎರಡನೆಯದು ಮರದ್ದು. ಬಣ್ಣವೇನೋ ಚೆನ್ನಾಗಿತ್ತು, ಅದೂ ವಾಪಸ್ಸು. ಮೂರನೆಯದು ಅಪ್ಪಟ ಲೋಹದ್ದು. ಗುಂಡು ಹಾರುವಂತಿಲ್ಲ, ನಳಿಗೆಯನ್ನು ಒಳಗಿಂದ ಮುಚ್ಚಿದ್ದಾರೆ. ಆದರೆ ಮೇಲ್ಭಾಗವನ್ನು ಹಿಂದಕ್ಕೆಳೆದರೆ ಟಕ್ಕೆಂದು ಸರಿಯುತ್ತದೆ, ಹಿಡಿಕೆಯೊಳಗಿಂದ ಗುಂಡು ತುಂಬುವ ಮ್ಯಾಗಜಿನ್ ಜಾರಿ ಕೈಗೆ ಬರುತ್ತದೆ. ನಟ್ಟು ಬೋಲ್ಟು ತೂಗುವ ತಕ್ಕಡಿಯಲ್ಲಿ ಮಾವ ಅದನ್ನು ತೂಗಿ, "ಒಂದು ಕೇಜಿಗೆ ಸ್ವಲ್ಪ ಕಮ್ಮಿ. ಈಗ ಕರೆಕ್ಟ್ ಐತೆ" ಎಂದು ನಿಟ್ಟುಸಿರು ಬಿಟ್ಟರು.

ಬಾಗಿಲಲ್ಲಿ ನಿಂತಿದ್ದ ಅತ್ತೆ, ಮಾವನ ಹೆಂಡತಿ, ನನ್ನ ಕಡೆ ತಿರುಗಿ, "ನನ್ನ ನೋಡಾಕೆ ಬಂದಾಗ ಅರ್ಧ ಲೋಟ ಕಾಫಿ ಕುಡಿಯೋದ್ರೊಳಗೆ ಹೂಂ ಅಂದು ಎದ್ದು ಹೋಗಿದ್ರು. ಇದಕ್ಕೆ ನೋಡು, ಮೂರು ಸರ್ತಿ ಹೆಣ್ಣು ನೋಡೋ ಶಾಸ್ತ್ರ ಆತು" ಎಂದರು.

ಅಂದಿನಿಂದ ಪಿಸ್ತೂಲು ಮಾವನ ಕೈಚೀಲ ಸೇರಿತು. ಮನೆಯಲ್ಲಿ ಇಡುವುದಿಲ್ಲ, ಅಂಗಡಿಯಲ್ಲೂ ಇಡುವುದಿಲ್ಲ. ಮದುವೆಗೆ ಹೋದರೂ ಜೊತೆಗೆ, ತಿಥಿಗೆ ಹೋದರೂ ಜೊತೆಗೆ. ಊಟದ ಡಬ್ಬಿಯ ಪಕ್ಕ, ಕೆಂಪು ವಸ್ತ್ರದಲ್ಲಿ ಸುತ್ತಿಕೊಂಡು ಮಲಗಿರುತ್ತಿತ್ತು.

ಹೀಗೆ ಅದು ಸೊರಬ ತಾಲ್ಲೂಕಿನ ಹೊಸಬಾಳೆಗೂ ಬಂತು. ಅದು ನನ್ನ ಗಂಡನ ಮನೆ. ಮಾವ ಊಟ ಮುಗಿಸಿ ಚೀಲದಿಂದ ಎಲೆ ಅಡಿಕೆ ತೆಗೆಯುವಾಗ ಪಿಸ್ತೂಲೂ ಹೊರಗೆ ಬಂತು. ನನ್ನ ಅತ್ತೆಮ್ಮ, ಗಂಡನ ತಾಯಿ, ಒಂದು ಹೆಜ್ಜೆ ಹಿಂದೆ ಸರಿದರು. ಸುಮ್ಮನೆ ತೋರಿಕೆಯದ್ದು ಎಂದು ತಿಳಿದ ಮೇಲೆ ಎರಡು ಹೆಜ್ಜೆ ಮುಂದೆ ಬಂದರು. "ಎಂತದಾದರೂ ಆಗಲಿ ಮಾರಾಯ್ರೆ, ಮೆಕ್ಕೆಜೋಳ ಪೂರ್ತಿ ಮಂಗನ ಪಾಲಾಗ್ತಾ ಇದೆ. ಒಂದ್ಸಲ ತೋರಿಸಿ ಬನ್ನಿ."

ಮಾವ ತೋರಿಸಿದರು. ಮಂಗಗಳು ಜೋಳ ತಿನ್ನುತ್ತಲೇ ನೋಡಿದವು. ಇನ್ನೂ ಚೆನ್ನಾಗಿ ಕಾಣಲೆಂದು ಮಾವ ಅದನ್ನು ಬದುವಿನ ಕಲ್ಲಿನ ಮೇಲಿಟ್ಟು ಪಂಚೆ ಎತ್ತಿ ಕಟ್ಟುವಷ್ಟರಲ್ಲಿ, ಗಡವ ಮಂಗವೊಂದು ಬಂದು ಪಿಸ್ತೂಲನ್ನು ಎತ್ತಿಕೊಂಡು ಹಲಸಿನ ಮರ ಏರಿತು! ತಿರುಗಿಸಿತು, ಮೂಸಿತು, ಕೊನೆಗೆ ನಳಿಗೆಯನ್ನು ನೇರವಾಗಿ ಮಾವನ ಕಡೆ ಹಿಡಿಯಿತು. ಮಾವ ಎರಡೂ ಕೈ ಮೇಲೆತ್ತಿ ನಿಂತುಬಿಟ್ಟರು.

"ಮಾವಾ, ಅದರಿಂದ ಗುಂಡು ಹಾರಲ್ಲ ಅಂತ ನೀವೇ ಹೇಳಿದ್ರಲ್ಲ!"

"ನಮಗೆ ಗೊತ್ತವ್ವ. ಅದಕ್ಕೆ ಗೊತ್ತೈತಾ?"

ತಿನ್ನಲು ಬಾರದ ವಸ್ತುವೆಂದು ಖಾತ್ರಿಯಾದ ಮೇಲೆ ಮಂಗ ಕೈಬಿಟ್ಟಿತು. ಹಿಡಿಯಲು ಓಡಿದ ಮಾವನ ಹೆಬ್ಬೆರಳ ಮೇಲೆ ಅದು ಬಿತ್ತು. ಉಗುರು ಕಪ್ಪಾಯಿತು. ನೋವಿನಲ್ಲೂ ಮಾವ, "ನೋಡಿದ್ಯಾ? ಪ್ಲಾಸ್ಟಿಕ್ಕಿಂದಾಗಿದ್ರೆ ಏನೂ ಆಗ್ತಿರ್ಲಿಲ್ಲ" ಎಂದರು, ಅಭಿಮಾನದಿಂದ.

ಮರುದಿನ ಕುಂಟುತ್ತಿದ್ದವರನ್ನು ಹಕ್ಕಿ ತೋರಿಸಲು ಗುಡವಿ ಪಕ್ಷಿಧಾಮಕ್ಕೆ ಕರೆದುಕೊಂಡು ಹೋದೆವು. ಗೇಟಿನಲ್ಲಿ ಕಾವಲಿನವರು ಚೀಲ ನೋಡಿ, ಇದನ್ನು ಒಳಗೆ ಒಯ್ಯುವಂತಿಲ್ಲ, ಇಲ್ಲೇ ಇಟ್ಟು ಹೋಗಿ ಎಂದರು. ಮಾವನ ಮುಖ ಅರಳಿತು. ಅವರ ಪಿಸ್ತೂಲನ್ನು ಪಿಸ್ತೂಲೆಂದು ಒಪ್ಪಿಕೊಂಡ ಮೊದಲ ಸರ್ಕಾರಿ ಮನುಷ್ಯ ಅವರು!

"ಆಗ್ಲಿ ಸಾರ್. ಇಂಥಾ ಪಿಸ್ತೂಲು ಜಮಾ ಆಗೈತೆ ಅಂತ ಒಂದು ಚೀಟಿ ಬರ್ದು ಸೀಲು ಹಾಕಿ ಕೊಡ್ರಿ."

"ಚೀಟಿ ಎಂತಕ್ಕೆ ಮಾರಾಯ್ರೆ? ಅರ್ಧ ಗಂಟೆ ಬಿಟ್ಟು ಬಂದು ತಗಂಡು ಹೋಗಿ."

ಚೀಟಿಯಿಲ್ಲದೆ ಮಾವ ಕೊಡಲಿಲ್ಲ, ಪಿಸ್ತೂಲಿನೊಂದಿಗೆ ಅವರು ಬಿಡಲಿಲ್ಲ. ನಾವು ಹಕ್ಕಿ ನೋಡಿ ಬರುವವರೆಗೆ ಮಾವ ಗೇಟಿನ ಹೊರಗೆ ಕುಳಿತು ಗೇಟು ನೋಡಿದರು.

ಅಷ್ಟರಲ್ಲಿ ಚುನಾವಣೆ ಬಂತು. ನಮ್ಮ ಕಡೆ ಬೆಳೆ ಕಾಯಲು ಲೈಸೆನ್ಸಿನ ಕೋವಿ ಇಟ್ಟುಕೊಂಡ ರೈತರಿದ್ದಾರೆ. ಚುನಾವಣೆ ಬಂದರೆ ಅವರು ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು, ಎಣಿಕೆ ಮುಗಿದ ಮೇಲೆ ರಸೀದಿ ಕೊಟ್ಟು ಕೋವಿ ವಾಪಸ್ಸು ತರಬೇಕು. ಆ ಕೋವಿಗಳ ಸಾಲಿನಲ್ಲಿ, ಕೆಂಪು ವಸ್ತ್ರದ ಗಂಟು ಹಿಡಿದು ನಮ್ಮ ಮಾವನೂ ನಿಂತರು. ಆಗ ಶಿಕಾರಿಪುರದ ಮಾವನ ಮನೆಗೆ ಬಂದಿದ್ದ ತಪ್ಪಿಗೆ ಜೊತೆಗೆ ನಾನು!

ರಿಜಿಸ್ಟರ್ ಬರೆಯುವ ಪೊಲೀಸರೊಬ್ಬರು ಗಂಟು ಬಿಚ್ಚಿ ನೋಡಿದರು. "ಏನ್ರೀ ಇದು? ಆಟದ ಸಾಮಾನು."

"ಸಾರ್, ಇದನ್ನ ನಿಮ್ಮ ಮುಂದೆ ಹಿಡಿದ್ರೆ ಹೆದರ್ತೀರೋ ಇಲ್ಲೋ?"

"ಹಿಡಿದು ನೋಡ್ರಿ, ಒಳಗೇ ಕೂರಿಸ್ತೀನಿ."

"ಅಂದ್ಮೇಲೆ ಇದು ಆಯುಧಾನೇ. ಜಮಾ ಮಾಡ್ಕೊಂಡು ಚೀಟಿ ಕೊಡ್ರಿ."

"ಲೈಸೆನ್ಸ್ ನಂಬರ್ ಇಲ್ದೆ ರಿಜಿಸ್ಟರಿನಾಗೆ ಏನಂತ ಬರೀಲಿ? ನಡೀರಿ, ನಡೀರಿ."

ಸಾಲಿಗೆ ಸಾಲೇ ನಕ್ಕಿತು. ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಮನೆಗೆ ಬಂದವಳೇ ಮಾವನಿಗೆ ಬಾಯಿಗೆ ಬಂದಂತೆ ಅಂದೆ. ವಯಸ್ಸೇನು, ಮರ್ಯಾದೆಯೇನು, ಒಂದು ತುಂಡು ಕಾಗದಕ್ಕಾಗಿ ಊರೆದುರು ಹೀಗಾ? ಮಾವ ಗಂಟನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋದರು. ಅತ್ತೆ ನನ್ನ ಕೈ ಹಿಡಿದು ಒಳಕೋಣೆಯ ಬಾಗಿಲಿಗೆ ಕರೆದೊಯ್ದರು.

ಒಳಗೆ ಅಜ್ಜ, ಮಾವನ ತಂದೆ, ತಮ್ಮ ಹಳೆಯ ಟ್ರಂಕಿನ ಮುಂದೆ ಕುಳಿತಿದ್ದರು. ಅಜ್ಜ ಮಿಲಿಟರಿಯಲ್ಲಿ ಸುಬೇದಾರರಾಗಿದ್ದವರು. ತೊಂಬತ್ತು ದಾಟಿದೆ. ಒಂದೆರಡು ವರ್ಷಗಳಿಂದ ನೆನಪು ಎಲ್ಲೆಲ್ಲೋ ಹೋಗಿಬಿಡುತ್ತದೆ ಎಂಬುದು ನನಗೂ ಗೊತ್ತಿತ್ತು. ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಿರಲಿಲ್ಲ.

"ಪಿಸ್ತೂಲು ಹುಡುಕ್ತಾರೆ" ಎಂದರು ಅತ್ತೆ. "ರಿಟೈರಾಗೋ ದಿನ ಎಲ್ಲಾ ಒಪ್ಪಿಸೇ ಬಂದಾರೆ. ಆದ್ರೆ ಒಪ್ಪಿಸಿದ್ದನ್ನೇ ಮರ್ತಾರೆ. ಸರ್ಕಾರದ ಪಿಸ್ತೂಲು ಕಳೆದೀನಿ, ಹಿಡ್ಕೊಂಡು ಹೋಗ್ತಾರೆ ಅಂತ ಬೆಳಗಾದ್ರೆ ಅಳ್ತಾರೆ. ತುತ್ತು ಇಳಿಯಂಗಿಲ್ಲ. ಅದಕ್ಕೇ ನಿಮ್ಮ ಮಾವ ತರಿಸಿದ್ದು. ಮೊದಲ್ನೇವು ಎರಡೂ ಕೈಗೆ ತಗಂಡ ಕೂಡ್ಲೆ, ತೂಕ ಇಲ್ಲ, ಇದು ನಂದಲ್ಲ ಅಂದ್ರು. ಮೂರನೇದು ನಂದೇ ಅಂದ್ರು. ಆದ್ರೇನು, ಜಮಾ ಮಾಡೋ, ರಸೀದಿ ತಾರೋ ಅಂತ ಹಟ. ಕಣ್ಣಿಗೆ ಬಿದ್ರೆ ಇನ್ನೂ ಜಮಾ ಆಗಿಲ್ಲಾಂತ ಮತ್ತೆ ಅಳು ಶುರು, ಅದಕ್ಕೇ ಇವ್ರು ಚೀಲದಾಗೆ ಇಟ್ಕೊಂಡು ತಿರುಗ್ತಾರೆ."

"ಮಾವನೇ ಒಂದು ಚೀಟಿ ಬರೆದು ಕೊಡಬಾರದಾ ಅತ್ತೆ?"

"ಕೊಟ್ಟಿದ್ರು. ಅಂಗಡಿ ಸೀಲು ನೋಡಿ ಹರಿದು ಹಾಕಿದ್ರು."

ನಾನು ಅಂಗಡಿಗೆ ಹೋದೆ. ಮಾವ ಬೇರಿಂಗ್ ಒರೆಸುತ್ತಿದ್ದರು. ನನ್ನ ಮಾತಿಗೆ ನನಗೇ ಸಂಕಟವಾಗಿತ್ತು. "ನಾಳೆ ಅಜ್ಜನ್ನೂ ಕರ್ಕೊಂಡು ಹೋಗಣ ಮಾವಾ" ಎಂದಷ್ಟೇ ಹೇಳಿದೆ.

ಬೆಳಿಗ್ಗೆ ಅಜ್ಜನನ್ನು ಆಟೋದಲ್ಲಿ ಕರೆದೊಯ್ದೆವು. ಹಳೆಯ ಕೋಟು, ಹಣೆಯಲ್ಲಿ ವಿಭೂತಿ. ನಾನು ಮೊದಲೇ ಒಳಗೆ ಹೋಗಿ ಆ ಪೊಲೀಸರಿಗೆ ವಿಷಯ ತಿಳಿಸಿದ್ದೆ. ಅವರು ಪೆನ್ನು ಕೆಳಗಿಟ್ಟು ಬಾಗಿಲ ಕಡೆ ನೋಡಿದರು. ಅಜ್ಜ ಮಾವನ ಭುಜ ಹಿಡಿದು ಒಳಗೆ ಬಂದರು, ಮೇಜಿನ ಮುಂದೆ ಭುಜ ಬಿಟ್ಟು ನೆಟ್ಟಗೆ ನಿಂತರು. ಮ್ಯಾಗಜಿನ್ ಇಳಿಸಿ ಪಕ್ಕಕ್ಕಿಟ್ಟರು. ಮೇಲ್ಭಾಗ ಎಳೆದು, ಒಳಗೆ ಕಿರುಬೆರಳಾಡಿಸಿ, ಖಾಲಿಯಿದೆಯೆಂದು ನೋಡಿಕೊಂಡರು. ನಳಿಗೆಯನ್ನು ಗೋಡೆಯ ಕಡೆ ತಿರುಗಿಸಿ ಹಿಡಿಕೆಯನ್ನು ಪೊಲೀಸರತ್ತ ಚಾಚಿದರು. ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ನನ್ನ ಮುಂದೆ ಚಾಚಿದ್ದ ಕೈಗಳು ಅವು! ಈಗ ಒಂದಿಷ್ಟೂ ನಡುಗಲಿಲ್ಲ. ತಕ್ಕಡಿಯಲ್ಲಿ ಮಾವ ತೂಗಿದ್ದು ಏನನ್ನು ಎಂಬುದು ನನಗೆ ಆಗ ತಿಳಿಯಿತು.

ಪೊಲೀಸರು ಕುರ್ಚಿ ಬಿಟ್ಟು ಎದ್ದರು. ರಿಜಿಸ್ಟರನ್ನು ಪಕ್ಕಕ್ಕೆ ಸರಿಸಿ, ಒಂದು ಬಿಳಿ ಹಾಳೆಯ ಮೇಲೆ ಬರೆದರು: ಪಿಸ್ತೂಲು ಒಂದು, ಸುಸ್ಥಿತಿಯಲ್ಲಿ ಬಂದು ಮುಟ್ಟಿದೆ, ಈ ಚೀಟಿ ತಂದವರಿಗೆ ಮಾತ್ರ ಹಿಂತಿರುಗಿಸಲಾಗುವುದು. ಅಜ್ಜ ಕಣ್ಣಿಗೆ ಹತ್ತಿರ ಹಿಡಿದು ಓದಿ, "ಸೀಲು?" ಎಂದರು. ಟಪಾಲಿಗೆ ಹಾಕುವ 'ಸ್ವೀಕರಿಸಿದೆ' ಎಂಬ ಮೊಹರು ಬಿತ್ತು. ನಂತರ ಆ ಪೊಲೀಸರು, "ನಿಮ್ಮ ಬಾಕಿ ಏನೂ ಇಲ್ಲ ಸಾಹೇಬ್ರೆ" ಎಂದು ಸೆಲ್ಯೂಟ್ ಹೊಡೆದರು. ಅಜ್ಜನೂ ಹೊಡೆದರು. ಮಾವ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಳ್ಳುತ್ತಿದ್ದರು.

ಅಂದು ಮಧ್ಯಾಹ್ನ ಅಜ್ಜ ಎರಡನೇ ಸಲ ಅನ್ನ ಹಾಕಿಸಿಕೊಂಡು ಉಂಡರು. ಟ್ರಂಕಿನ ತಂಟೆಗೆ ಹೋಗಲಿಲ್ಲ. ಈಗಲೂ ಎಚ್ಚರವಾದೊಡನೆ ಮುಖ ಬಾಡುತ್ತದಂತೆ. ದಿಂಬಿನ ಕೆಳಗಿಂದ ಚೀಟಿ ತೆಗೆದು ಓದುತ್ತಾರೆ, ಮೊಹರಿನ ಮೇಲೆ ಬೆರಳಾಡಿಸುತ್ತಾರೆ, ಆಮೇಲೆ ಕಾಫಿ ಕೇಳುತ್ತಾರೆ.

ಎಣಿಕೆ ಮುಗಿದು ಎಲ್ಲರೂ ತಮ್ಮ ಕೋವಿಗಳನ್ನು ಮನೆಗೆ ತಂದರು. ನಮ್ಮ ಮಾವ ಮಾತ್ರ ಠಾಣೆಯ ಕಡೆ ತಲೆ ಹಾಕಿಲ್ಲ. ಕೊನೆಗೆ ಆ ಪೊಲೀಸರೇ ಫೋನ್ ಮಾಡಿದರು. ನಾನೂ ಅಂಗಡಿಯಲ್ಲಿದ್ದೆ.

"ನಿಮ್ಮ ಪಿಸ್ತೂಲು ಬಂದು ತಗಂಡು ಹೋಗ್ರಿ."

"ಚೀಟಿ ತಂದವರಿಗೆ ಮಾತ್ರ ಅಂತ ನೀವೇ ಬರ್ದೀರಲ್ಲ ಸಾರ್" ಎಂದರು ಮಾವ. "ಚೀಟಿ ಅಪ್ಪನ ದಿಂಬಿನ ಕೆಳಗೈತೆ. ಅದನ್ನ ಮುಟ್ಟಾಕೆ ನನ್ನ ಕೈಲಾಗಂಗಿಲ್ಲ."



"ಆತು, ಇಲ್ಲೇ ಇರ್ಲಿ ಬಿಡ್ರಿ" ಎಂದರು ಪೊಲೀಸರು. "ಎಣ್ಣೆ ಹಾಕೋದಿದ್ರೆ ಯಾವ ಎಣ್ಣೆ ಅಂತ ಹೇಳ್ರಿ."

ಮಾವ ಹೇಳಿದರು. ಎರಡೇ ಹನಿ ಸಾಕು, ಆದರೆ ಒರಿಜಿನಲ್ಲೇ ಇರಲಿ ಎಂದರು.