ನಮ್ಮ ಅಂಗಳದ ವಾರ್ನಿಷ್ ಮಹಿಮೆ

"ಇಟ್ಟಿಗೆ ನೆಕ್ಕುವ ಮಗನ ತಾಯಿಯಾಗಿ ನಾನಿನ್ನು ಸುಮ್ಮನಿರಲಾರೆ!" ಎಂದು ಆ ಬೆಳಿಗ್ಗೆ ಘೋಷಿಸಿಯೇಬಿಟ್ಟೆ. ಕೊಟ್ಟೂರಿನ ನಮ್ಮ ಮನೆಯ ಒಳಂಗಳಕ್ಕೆ ಮಾವನವರ ಕಾಲದಲ್ಲಿ ಹಾಸಿದ ಇಟ್ಟಿಗೆ. ಹತ್ತು ತಿಂಗಳ ಮಗರಾಯ ಅದರ ಮೇಲೆ ಅಂಬೆಗಾಲಿಟ್ಟರೆ ಅಂಗೈ ಕೆಂಪು, ಮೊಣಕಾಲು ಕೆಂಪು, ನಾಲಿಗೆಯೂ ಕೆಂಪು! ದಾವಣಗೆರೆಯಲ್ಲಿ ಬಿ.ಎಸ್ಸಿ. ಓದಿದ ನನಗೆ ಕಾಯಿಲೆಗಳ ಹೆಸರಿಗೇನು ಬರ? ಅತ್ತೆ ದಾಕ್ಷಾಯಣಮ್ಮ ಮಾತ್ರ, "ನಿನ್ನ ಗಂಡನೂ ಇದ್ನ ನೆಕ್ಕಿ ಬೆಳದಾನ" ಎಂದಿದ್ದರು. ಗಂಡನನ್ನು ನೋಡಿದರೆ ನನ್ನ ಭಯ ಇನ್ನೂ ಹೆಚ್ಚುತ್ತಿತ್ತು!

ಅಂದು ಅತ್ತೆ ತಂಬ್ರಹಳ್ಳಿಯ ಮಗಳ ಮನೆಗೆ ಹೊರಟರು. ಮರುದಿನ ಸಂಜೆ ವಾಪಸ್. ಅಷ್ಟರೊಳಗೆ ಇಟ್ಟಿಗೆ ತೊಳೆದು, ವಾರ್ನಿಷ್ ಬಳಿದು, ಪುಡಿ ಏಳದ ಕನ್ನಡಿಯಂಥ ಅಂಗಳ ತೋರಿಸಬೇಕು! ಅವರು ಹೊಸ್ತಿಲು ದಾಟಿದ್ದೇ ಪೊರಕೆ ಎತ್ತಿದೆ.

"ಲೇ ಶಾಂಭವಿ, ಊರಿಗೆ ಹೋದವ್ರ ಬೆನ್ನಿಗೇ ಕಸ ಗುಡಿಸ್ತಾರೇನು? ಅವ್ವ ಊರು ಮುಟ್ಟೋತನಕ ತಡಿ!" ಎಂದರು ಗಂಡ ಗವಿಸಿದ್ದೇಶ್.

"ಮುಟ್ಟಿದ್ದು ಗೊತ್ತಾಗೋದು ಹೇಗೆ ರೀ?"

"ತಂಗಿ ಫೋನ್ ಮಾಡ್ತಾಳ."

ದಾರಿಯಲ್ಲಿ ಬಸ್ಸು ಕೆಟ್ಟಿತ್ತಂತೆ. ಫೋನ್ ಬಂದಾಗ ಸಂಜೆ ನಾಲ್ಕು! ಇಪ್ಪತ್ತು ಕೊಡ ನೀರು ಸುರಿದು ಉಜ್ಜಿದೆ. ಇಟ್ಟಿಗೆ ಗಟಗಟನೆ ಕುಡಿಯಿತು.

"ಎರಡು ದಿವ್ಸ ಬಿಸಿಲಿಗೆ ಒಣಗಬೇಕಂತ. ಬಣ್ಣದ ಅಂಗಡ್ಯಾವ ಹೇಳ್ಯಾನ" ಎಂದರು ವಾರ್ನಿಷ್ ಡಬ್ಬಿ ತಂದ ಗಂಡ.

"ಎರಡು ದಿನ ಎಲ್ಲಿಂದ ತರಲಿ? ಬೆಳಿಗ್ಗೆಗೆ ಒಣಗುತ್ತೆ ಬಿಡಿ!"

ಬೆಳಿಗ್ಗೆ ಮುಟ್ಟಿ ನೋಡಿದೆ, ಮೇಲೆ ಒಣಗಿತ್ತು. ಮಗನನ್ನು ಗಂಡನ ಜೊತೆ ಅವರ ಅಂಗಡಿಗೆ ಸಾಗಹಾಕಿ, ಒಂದೊಂದು ಇಟ್ಟಿಗೆಗೂ ಮೂರು ಸಲದಂತೆ, ಅವಸರದಲ್ಲಿ ನಡುವೆ ಸಂದು ಬಿಟ್ಟುಕೊಂಡೇ, ಅಡ್ಡಡ್ಡ ವಾರ್ನಿಷ್ ಬ್ರಷ್ ಎಳೆದೆ. ಆಹಾ, ಏನು ಹೊಳಪು! ಮಧ್ಯಾಹ್ನದ ಬಿಸಿಲು ಬಿತ್ತು ನೋಡಿ, ಒಳಗೆ ಸಿಕ್ಕಿಬಿದ್ದ ನೀರು ಮೇಲೇಳಲು ದಾರಿಯಿಲ್ಲದೆ ವಾರ್ನಿಷ್ಷನ್ನೇ ಬೆಳ್ಳಗೆ ಮಾಡಿತು. ಬ್ರಷ್ ಹೋದಲ್ಲೆಲ್ಲ ಬಿಳಿ ಪಟ್ಟೆ. ಒಂದೊಂದು ಇಟ್ಟಿಗೆಯ ಮೇಲೂ ಮೂರು ಮೂರು!

ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ತಿಪ್ಪೇರುದ್ರಮ್ಮ ಬಟ್ಟಲು ಕೆಳಗಿಟ್ಟು ಕೈಮುಗಿದರು. "ಯವ್ವಾ! ಸ್ವಾಮಿ ಮೂರೆಳಿ ವಿಭೂತಿ ಹಚ್ಕೊಂಡು ಬಂದಾನ!"

"ಅದು ವಾರ್ನಿಷ್ ರೀ..."

"ಸುಮ್ನಿರು! ಸಾಲಿ ಕಲ್ತವ್ರಿಗೆ ಇವೆಲ್ಲ ಕಾಣಂಗಿಲ್ಲ."

ಐದರ ಹೊತ್ತಿಗೆ ಓಣಿಗೆ ಓಣಿಯೇ ನಮ್ಮ ಪಡಸಾಲೆಯಲ್ಲಿ. ಊದುಬತ್ತಿ, ಕಾಯಿ, ಭಜನೆ! ಅಷ್ಟರಲ್ಲಿ ಅತ್ತೆ ಬಂದರು. ಅವರು ಬಗ್ಗಿದರು, ಉಗುರಿನಿಂದ ಕೆರೆದರು, ಮೂಸಿದರು. ಎದ್ದು ನಿಂತು, ಎಲ್ಲರಿಗೂ ಕೇಳುವಂತೆ "ನಮ್ ಸೊಸಿ ಭಕ್ತಿ ನೋಡ್ರಿ!" ಎಂದರು. ಆಮೇಲೆ ನನ್ನನ್ನು ಅಡುಗೆಮನೆಗೆ ಎಳೆದೊಯ್ದು ಪಿಸುಗುಟ್ಟಿದರು:

"ಸ್ವಾಮಿಗೆ ಟರ್ಪೆಂಟೈನ್ ವಾಸನಿ ಯಾವಾಗಿಂದ ಬಂತವಾ? ಮನಿ ಮರ್ಯಾದಿ ಅಂತ ಬಾಯಿ ಮುಚ್ಚೀನಿ. ಜನ ಕರಗಲಿ, ಆಮ್ಯಾಲೆ ನೀನ ಕುಂತು ಉಜ್ಜಿ ತಗಿ."

ಜನ ಮೂರು ದಿನ ಕರಗಲಿಲ್ಲ. ನಾಲ್ಕನೆಯ ದಿನ ಬಾಗಿಲು ಹಾಕಿಕೊಂಡು, ಬಣ್ಣ ಉಜ್ಜಿ ತೆಗೆಯುವ ಉಪ್ಪುಕಾಗದ ಹಿಡಿದು ಕುಳಿತೆ. ಮಗರಾಯ ಅಜ್ಜಿಯ ಸೊಂಟದ ಮೇಲಿಂದ ನೋಡಿ ಕೇಕೆ ಹಾಕುತ್ತಿದ್ದ. ಪವಾಡ ಬಿಡಲೊಲ್ಲದು; ತಿಕ್ಕಿದಷ್ಟೂ ಇಟ್ಟಿಗೆಯೇ ಪುಡಿಯಾಗಿ ಎದ್ದುಬರುತ್ತಿತ್ತು. ಅವನು ವರ್ಷವಿಡೀ ನೆಕ್ಕಿದರೂ ಮುಗಿಯದಷ್ಟು ಕೆಂಪು ಪುಡಿ ಸಂಜೆಯೊಳಗೆ ಮೂಗು ಬಾಯಿಯಿಂದ ನನ್ನ ಹೊಟ್ಟೆ ಸೇರಿತ್ತು!